ಹುಟ್ಟಿನಿಂದ ಯಾರೂ ಕೆಸರಲ್ಲ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಕಾಕಾ, ಅಪ್ಪನ ತಮ್ಮ. ಆಮೇಲೆ ಹೇಳಿದವರು ಬಹಳ ಮಂದಿ. ನಾನು ಚಿಕ್ಕೋಡಿಯಲ್ಲಿ ಪಾಠ ಮಾಡುತ್ತಿದ್ದ ಖಾಸಗಿ ಶಾಲೆಯ ಹೆಡ್‌ಮಾಸ್ತರರು ನಗುತ್ತ ಹೇಳಿದರು. ನನ್ನ ಪ್ರಬಂಧದ ಮಾರ್ಗದರ್ಶಕರು ಕನ್ನಡಕ ತೆಗೆದಿಟ್ಟು ಸಮಾಧಾನದಿಂದ ಹೇಳಿದರು. ಅವ್ವ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಓಣಿಯ ಹೆಂಗಸರು ಕೇಳಿದಾಗ ಮಾತು ತಿರುಗಿಸುತ್ತಿದ್ದಳು. ಕಾಕಾನಷ್ಟು ಖಡಾಖಡಿ ಮಾತ್ರ ಯಾರೂ ಹೇಳಲಿಲ್ಲ.

"ಚೀನಾದವರ ಗಾಳಿ ಮ್ಯಾಲ ಎಂ.ಎ. ಮಾಡ್ತಿ? ನಮ್ಮ ಓಣ್ಯಾಗ ಹುಟ್ಟಿ? ಆಗೂದಿಲ್ಲ ಬಿಡು. ಬರದು ಕೊಡ್ತೀನಿ, ಆಗೂದಿಲ್ಲ."

ಕಾಕಾ ಓದಿನ ವಿರೋಧಿಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅವನು ಬಸ್ ಕಂಡಕ್ಟರ್. ನಮ್ಮ ಮನೆತನದಲ್ಲಿ ಪಗಾರದ ನೌಕರಿ ಹಿಡಿದ ಮೊದಲನೆಯವನು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಹೋದದ್ದರಿಂದ ಮನೆಯ ದೊಡ್ಡ ಮಾತು ಅವನದೇ. ಹತ್ತನೇ ತರಗತಿ ಮುಗಿದಾಗ ನನ್ನನ್ನು ಕಬ್ಬಿನ ಹೊಲಕ್ಕೆ ಕಳಿಸಬೇಕೆಂದವರ ಬಾಯಿ ಮುಚ್ಚಿಸಿದವನು ಅವನು. ನಾನು ಬಿ.ಎ. ಪಾಸಾಗಿ ಮನೆಯ ಮೊದಲ ಪದವೀಧರೆಯಾದಾಗ ಬಸ್ಸಿನಲ್ಲಿ ಗುರುತಿಲ್ಲದ ಪ್ಯಾಸೆಂಜರುಗಳಿಗೂ ಪೇಢೆ ಹಂಚಿದವನು ಅವನು. ಅವನ ಸಿಟ್ಟು ಓದಿನ ಮೇಲಲ್ಲ, ನಾನು ಆರಿಸಿಕೊಂಡ ವಿಷಯದ ಮೇಲೆ. ಆ ಸಿಟ್ಟಿಗೆ ಬೇರು ಇತ್ತು.

ನಮ್ಮದು ಸದಲಗಾ ಮತ್ತು ನಿಪ್ಪಾಣಿಯ ನಡುವಿನ ಒಂದು ಊರು. ನಮ್ಮ ಆಯಿಯ, ಅಂದರೆ ಅಪ್ಪನ ಅವ್ವನ, ಕಾಲದಲ್ಲಿ ಮನೆಯಲ್ಲಿ ಯಾರಿಗೆ ಏನಾದರೂ ಅದಕ್ಕೆ ಹೆಸರು ಒಂದೇ: ಗಾಳಿ. ಕೂಸು ಅತ್ತರೆ ಗಾಳಿ ಬಡಿದಿದೆ, ಬಾಣಂತಿ ಬಿಳಿಚಿಕೊಂಡರೆ ಗಾಳಿ ಹೊಕ್ಕಿದೆ. ಬಿಡಿಸುವವರಿಗೆ ಕೋಳಿ, ಕಾಯಿ, ಎಣ್ಣೆ. ಅದಕ್ಕೂ ಬಗ್ಗದಿದ್ದರೆ ಕೊಕಟನೂರಿನ ದೇವಿಗೆ ಹರಕೆ. ಆಮೇಲೆ ನಮ್ಮ ಮಂದಿ ಬೌದ್ಧರಾದರು. ದೇವರ ಬುಟ್ಟಿಯನ್ನು ದೂಧಗಂಗೆ ಹೊಳೆಯಲ್ಲಿ ಬಿಟ್ಟು ಬಂದರು. ಆವತ್ತಿನಿಂದ ಮನೆಯಲ್ಲಿ ಗಾಳಿ ಎಂಬ ಮಾತಿಗೇ ಬಂದಿ. ಜ್ವರ ಬಂದರೆ ಜ್ವರ ಅನ್ನಬೇಕು, ದವಾಖಾನೆಗೆ ಹೋಗಬೇಕು. ಈ ಕಟ್ಟುಪಾಡನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವನು ಕಾಕಾ. ವಿಹಾರ ಕಮಿಟಿಯಲ್ಲೂ ಅವನ ಮಾತೇ ಮುಂದು. ಅಂಥವನ ಅಣ್ಣನ ಮಗಳು ತತ್ವಶಾಸ್ತ್ರದ ಎಂ.ಎ. ಮಾಡುತ್ತೇನೆಂದು ಹೊರಟು, ಜೀವಶಕ್ತಿ, ಉಸಿರು, ಚೀ ಎಂದು ಮಾತಾಡತೊಡಗಿದರೆ ಅವನಿಗೆ ಏನನ್ನಿಸಬೇಕು? ಮುಂಬಾಗಿಲಿಂದ ಹೊರಗೆ ಹಾಕಿದ್ದನ್ನು ನಾನು ಹಿತ್ತಿಲ ಬಾಗಿಲಿಂದ ಒಳಗೆ ತರುತ್ತಿದ್ದೇನೆ ಅನ್ನಿಸಿತು.

ನನಗೆ ಅದು ಸಿಕ್ಕ ದಾರಿ ಬೇರೆ. ನೌಕರಿ ಬಿಡುವಂತಿರಲಿಲ್ಲ, ಹಾಗಾಗಿ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಕಟ್ಟಿದ್ದೆ. ಭಾನುವಾರಕ್ಕೊಮ್ಮೆ ತರಗತಿ. ಅಲ್ಲಿ ಒಂದು ದಿನ ಬುದ್ಧನ ಮಾತು ನಮ್ಮ ನೆಲದಿಂದ ಚೀನಾಕ್ಕೆ ಹೋದದ್ದರ ಪಾಠ. ಹೋದ ಮಾತು ಹೋದಲ್ಲಿ ಯಾವ ಮಾತನ್ನು ಎದುರುಗೊಂಡಿತು? ನಮ್ಮವರು ಅಲ್ಲಿಗೆ ಹೋದಾಗ ಅವರ ಮನೆಯಲ್ಲಿ ಮೊದಲೇ ಏನಿತ್ತು? ಅದನ್ನು ಹುಡುಕಿಕೊಂಡು ಹೋಗಿ ನಾನು ಚೀ ಎಂಬ ವಿಚಾರಕ್ಕೆ ಬಂದು ನಿಂತೆ. ಇಂಗ್ಲಿಷಿನ ಪುಟಗಳನ್ನು ಝೆರಾಕ್ಸ್ ಮಾಡಿಸಿ, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಚಿಕ್ಕೋಡಿಯ ಬಸ್ಸಿನಲ್ಲಿ ಓದಿದೆ. ಬಹಳ ಸಲ ಅದು ಕಾಕಾನದೇ ಬಸ್ಸಾಗಿರುತ್ತಿತ್ತು. ಟಿಕೀಟು ಹರಿಯುತ್ತ ಬಂದು ನನ್ನ ಕೈಯೊಳಗಿನ ಹಾಳೆ ನೋಡಿ, ಮುಂದಿನ ಸೀಟಿಗೆ ಹೋಗುತ್ತಿದ್ದ.

ಆ ಮಾತಿನ ಹಳೆಯ ಅರ್ಥ ಬಹಳ ಸಾದಾ. ಉಸಿರು, ಮಂಜು, ಹಬೆ. ಅದನ್ನು ಬರೆಯುವ ಚೀನೀ ಅಕ್ಷರದೊಳಗೆ ಅಕ್ಕಿಯ ಗುರುತೂ ಇದೆ. ಬೇಯುವ ಅನ್ನದ ಮೇಲೆ ಏಳುವ ಹಬೆ ಎಂದಿಟ್ಟುಕೊಳ್ಳಿ. ಚಿಂತಕರು ಅದನ್ನು ಹಿಗ್ಗಿಸುತ್ತ ಹೋದರು. ಜಗತ್ತಿನಲ್ಲಿ ಇರುವುದೆಲ್ಲ ಆ ಒಂದರಿಂದಲೇ ಆದದ್ದು. ಗಟ್ಟಿಯಾದರೆ ಕಲ್ಲು, ಮರ, ಮೈ. ತೆಳುವಾದರೆ ಉಸಿರು, ಧೈರ್ಯ, ವಿಚಾರ. ಕೂಡಿದರೆ ಹುಟ್ಟು, ಚದುರಿದರೆ ಸಾವು. ಹೊರಗಿನಿಂದ ಬಂದು ಊದುವ ದೇವರು ಬೇಕಿಲ್ಲ, ಮೈಯಲ್ಲಿ ಹೊಕ್ಕು ಕಾಡುವ ದೆವ್ವವೂ ಬೇಕಿಲ್ಲ. ಜಪಾನಿನವರು, ಕೊರಿಯಾದವರು ಅದನ್ನು ಕಿ ಎಂದರು. ಮನುಷ್ಯ ದಿನವೂ ನ್ಯಾಯವಾಗಿ ನಡೆದುಕೊಂಡರೆ ಅದು ಒಳಗೆ ತುಂಬುತ್ತ ಬರುತ್ತದೆ, ತಪ್ಪಿ ನಡೆದರೆ ಬತ್ತುತ್ತದೆ ಎಂದವರೂ ಇದ್ದರು. ಇದನ್ನು ಓದಿದ ದಿನ ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು.

ಮಾರ್ಗದರ್ಶಕರು ಒಳ್ಳೆಯವರು, ಅವಸರದವರು. ಚೀ ಎಂದು ಬರೆದು ಪರೀಕ್ಷಕರನ್ನು ಕಂಗಾಲು ಮಾಡಬೇಡ, ಪ್ರಾಣ ಎಂದು ಬರೆದುಬಿಡು ಎಂದರು. ನಾನು ಒಪ್ಪಲಿಲ್ಲ. ಪ್ರಾಣ ಅಂದರೆ ಅದರ ಹಿಂದೆ ಆತ್ಮ ಬರುತ್ತದೆ, ಆತ್ಮದ ಹಿಂದೆ ಹಿಂದಿನ ಜನ್ಮ ಬರುತ್ತದೆ, ಹಿಂದಿನ ಜನ್ಮದ ಹಿಂದೆ ಈ ಜನ್ಮದ ನನ್ನ ಓಣಿ ಬರುತ್ತದೆ. ಚೀನಾದ ಮಾತನ್ನು ಆ ಸಾಲಿಗೆ ನಿಲ್ಲಿಸುವ ಗರಜು ನನಗಿರಲಿಲ್ಲ. ಇದ್ದುದರಲ್ಲಿ ನಮ್ಮ ಕಡೆಯ ದಮ್ಮು ಎಂಬ ಮಾತು ಹತ್ತಿರವಿತ್ತು. ಗುಡ್ಡ ಏರಿದವನಿಗೂ ದಮ್ಮು ಬೇಕು, ಗೌಡರ ಮುಂದೆ ನಿಂತು ಮಾತಾಡುವವನಿಗೂ ದಮ್ಮು ಬೇಕು. ಅದನ್ನೂ ಬರೆಯಲಿಲ್ಲ. ಅವರ ಮಾತು ಅವರದಾಗಿಯೇ ಇರಲಿ ಎಂದೆ. ಮಾರ್ಗದರ್ಶಕರು ಅಷ್ಟಕ್ಕೆ ಸೋತರು.

ಅವರು ಸೋಲದೆ ಹಟ ಹಿಡಿದದ್ದು ಕೊನೆಯ ಅಧ್ಯಾಯದ ಮೇಲೆ. ಎಲ್ಲವೂ ಒಂದೇ ಚೀಯಿಂದ ಆದದ್ದು ಎಂದವರಲ್ಲೇ ಕೆಲವರು, ಮುಂದೆ ಹೋಗಿ, ಒಬ್ಬೊಬ್ಬರ ಪಾಲಿಗೆ ಬಂದ ಚೀ ಒಂದೊಂದು ತರಹ ಎಂದುಬಿಟ್ಟಿದ್ದರು. ಕೆಲವರದು ತಿಳಿ, ಕೆಲವರದು ಕೆಸರು. ತಿಳಿಯವರು ಹುಟ್ಟಿನಿಂದಲೇ ಬಲ್ಲವರು, ಕೆಸರಿನವರು ಮಂಕರು. ನಾನು ಆ ಅಧ್ಯಾಯದಲ್ಲಿ ಈ ಮಾತನ್ನು ಹಿಡಿದು ಜಗ್ಗಾಡಿದ್ದೆ. ಮಾರ್ಗದರ್ಶಕರಿಗೆ ಅದು ತತ್ವಶಾಸ್ತ್ರ ಅನ್ನಿಸಲಿಲ್ಲ, ಭಾಷಣ ಅನ್ನಿಸಿತು. ಅದನ್ನು ತೆಗೆ, ಉಳಿದದ್ದು ಚೆನ್ನಾಗಿದೆ, ಪಾಸಾಗುತ್ತಿ ಎಂದರು. ಇಟ್ಟರೆ ಹೊರಗಿನಿಂದ ಬರುವ ಪರೀಕ್ಷಕರು ಏನು ಮಾಡುತ್ತಾರೋ ನಾನು ಹೇಳಲಾರೆ ಎಂದರು. ನಾನು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದೆ. ತೆಗೆಯಲೋ ಇಡಲೋ ತಿಳಿಯಲಿಲ್ಲ. ಪಾಸಾಗದಿದ್ದರೆ ಕಾಕಾನ ಮಾತು ಗೆದ್ದಂತೆ. ತೆಗೆದು ಪಾಸಾದರೆ ಯಾರ ಮಾತು ಗೆದ್ದಂತೆ?

ಇದರ ನಡುವೆಯೇ ಎಮ್ಮೆ ಬಂತು.

ನನ್ನ ವಿಷಯದ ಬಗ್ಗೆ ಕಾಕಾ ಅಂಗಳದಲ್ಲಿ ನಿಂತು ಕೂಗಾಡಿದ್ದು ಇಡೀ ಓಣಿಗೆ ಕೇಳಿಸಿತ್ತು. ಓಣಿ ಅದರಲ್ಲಿ ಹಿಡಿದುಕೊಂಡದ್ದು ಎರಡೇ ಮಾತು: ಗಾಳಿ ಮತ್ತು ಚೀನಾ. ಆಚೆ ಓಣಿಯಲ್ಲಿ ಹೈನು ಮಾಡುವ ಒಬ್ಬ ಹಿರಿಯ ಇದ್ದ. ಅವನ ಎಮ್ಮೆ ಕರು ಸತ್ತ ಮೇಲೆ ಹಾಲು ಇಳಿಸುತ್ತಿರಲಿಲ್ಲ. ಒಂದು ಮುಂಜಾನೆ ಅದನ್ನು ಹೊಡೆದುಕೊಂಡು ಬಂದು ನಮ್ಮ ಬೇವಿನ ಮರಕ್ಕೆ ಕಟ್ಟಿದ. ಮೇಡಂ ಒಂದೀಟು ಕೈಯಾಡಿಸಲಿ, ಸಂಜೆಗೆ ಬಂದು ಒಯ್ಯುತ್ತೇನೆ ಎಂದು ಅವ್ವನಿಗೆ ಹೇಳಿದ. ದನದ ದವಾಖಾನೆಗೆ ಒಯ್ಯಿರಿ, ನನಗೆ ಇದೊಂದೂ ಬರುವುದಿಲ್ಲ ಎಂದು ನಾನು ಬೆನ್ನು ಹತ್ತಿ ಹೇಳಿದೆ. ದೊಡ್ಡ ವಿದ್ಯೆಯವರು ಮೊದಲು ಹಾಗೇ ಅನ್ನುತ್ತಾರೆ ಎಂಬಂತೆ ತಲೆಯಾಡಿಸಿ ಹೋದ.

ನಾನು ಶಾಲೆಗೆ ಹೋದೆ. ಅವ್ವನಿಗೆ ಆವತ್ತು ರಜೆ. ಆಕೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಪುಡಿ ಸೋಸುವ ಕೆಲಸದವಳು, ತವರಲ್ಲಿ ಎಮ್ಮೆಗಳ ನಡುವೆ ಬೆಳೆದವಳು. ಪರರ ಎಮ್ಮೆಯಾದರೂ ಹಸಿದು ನಿಲ್ಲಬಾರದೆಂದು ಹಿಂಡಿ, ಬೆಲ್ಲ ಕಲಸಿ ಇಟ್ಟಳು. ಬಿಸಿನೀರಿನಿಂದ ಕೆಚ್ಚಲು ತೊಳೆದಳು. ಅದರ ಮುಂದೆ ಕೂತು ತನ್ನ ಸುಖದುಃಖ ಏನು ಹೇಳಿದಳೋ. ಸಂಜೆ ಆ ಹಿರಿಯ ಬಂದಾಗ ಎಮ್ಮೆ ಹಾಲು ಇಳಿಸಿತ್ತು.

ಅಲ್ಲಿಂದ ಸುದ್ದಿಗೆ ಕಾಲು ಬಂತು. ಮುಟ್ಟದೇ ಬಿಡಿಸುತ್ತಾಳಂತೆ, ಊರಲ್ಲಿ ಇಲ್ಲದೇನೇ ಬಿಡಿಸುತ್ತಾಳಂತೆ. ಅಮಾವಾಸ್ಯೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಕೂಸು ಎತ್ತಿಕೊಂಡವರು, ಮದುವೆಯಾಗದ ಮಗನನ್ನು ಕರೆತಂದವರು. ಅಥಣಿ, ಕಾಗವಾಡದ ಕಡೆಯಿಂದ ಜೀಪು ಮಾಡಿಕೊಂಡು ಬಂದವರೂ ಇದ್ದರು. ಕೆಲವರ ಕೈಯಲ್ಲಿ ಕಾಯಿ, ಕೆಲವರ ಕೈಯಲ್ಲಿ ಕೋಳಿ. ಯಾರಿಗೂ ಏನೂ ಮಾಡುವುದಿಲ್ಲ, ಇದು ಪುಸ್ತಕದ ವಿದ್ಯೆ, ನನಗೆ ಬರುವುದು ಓದುವುದು ಮಾತ್ರ ಎಂದು ನಾನು ಮೆಟ್ಟಿಲ ಮೇಲೆ ನಿಂತು ಹೇಳಿದೆ. ಹಾಗಾದರೆ ಓದಿದ್ದನ್ನೇ ಒಂದಿಷ್ಟು ಹೇಳಿರಿ, ನಡೆಯುತ್ತದೆ ಎಂದರು.

ಅವರಲ್ಲಿ ಅವ್ವನ ಜೊತೆ ವಖಾರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಗೋಡೆ ಹಿಡಿದು ಕೂತಿದ್ದಳು. ಉಸಿರು ತೆಗೆದುಕೊಂಡರೆ ಎದೆಯಲ್ಲಿ ಸಿಳ್ಳೆ. ಮನೆಯವರು ಗಾಳಿ ಹೊಕ್ಕಿದೆಯೆಂದು ಮೂರು ಕಡೆ ಸುತ್ತಿಸಿ ಕೊನೆಗೆ ನನ್ನ ಕಡೆ ತಂದಿದ್ದರು. ತಲೆಯ ಮೇಲೆ ಕೈ ಇಡು ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಆ ಕೈ ಬಿಡಲಿಲ್ಲ. ಹಾಗೇ ಎಬ್ಬಿಸಿ, ಅವ್ವನ ಜೊತೆ ಅಥಣಿಯವರ ಜೀಪಿನಲ್ಲೇ ಕೂರಿಸಿ ನಿಪ್ಪಾಣಿಯ ದವಾಖಾನೆಗೆ ಒಯ್ದೆ. ಅವಳ ಎದೆಯಲ್ಲಿ ಯಾವ ಗಾಳಿಯೂ ಹೊಕ್ಕಿರಲಿಲ್ಲ. ತಂಬಾಕಿನ ಪುಡಿ ಹೊಕ್ಕಿತ್ತು. ವರ್ಷಗಟ್ಟಲೆ ಸೋಸಿದ ಪುಡಿ. ಡಾಕ್ಟರರು ಮೂಗಿಗೆ ಹಬೆಯ ಔಷಧಿ ಹಿಡಿದರು, ಆ ಕೆಲಸ ಬಿಡಬೇಕೆಂದರು. ಬಿಟ್ಟರೆ ಉಣ್ಣುವುದೇನು ಎಂದು ಅವಳು ಕೇಳಲಿಲ್ಲ. ಮುಖವೇ ಕೇಳುತ್ತಿತ್ತು. ಎದುರಿಗೆ ನಿಂತಿದ್ದ ಅವ್ವನ ಮುಖವೂ.

ಅಂಗಳದ ಸಂತೆಯ ಸುದ್ದಿ ಡಿಪೋದಲ್ಲೇ ಕಾಕಾನಿಗೆ ಮುಟ್ಟಿತ್ತು. ಅವನು ನಮ್ಮ ಮನೆ ಕಡೆ ಬರಲಿಲ್ಲ. ಹುಣ್ಣಿಮೆಗೆ ವಿಹಾರಕ್ಕೆ ಬಾ ಎಂದು ಹೇಳಿಕಳಿಸಿದ.

ನಮ್ಮಲ್ಲಿ ಹುಣ್ಣಿಮೆಯ ಸಂಜೆ ಎಲ್ಲರೂ ವಿಹಾರದಲ್ಲಿ ಕೂಡುತ್ತಾರೆ. ಮೇಣದಬತ್ತಿ ಹಚ್ಚಿ ವಂದನೆ ಮುಗಿಸಿದ ಮೇಲೆ ಓಣಿಯ ತಂಟೆ ತಕರಾರು ಅಲ್ಲೇ ಬಗೆಹರಿಯುತ್ತವೆ. ಹೆಸರು ಕರೆದವರು ಎದ್ದು ನಿಲ್ಲಬೇಕು. ಉತ್ತರ ಕೊಡದೆ ಕೂರುವಂತಿಲ್ಲ. ಆವತ್ತು ಕಾಕಾ ನನ್ನನ್ನು ಎಬ್ಬಿಸಿದ. ಬಿಳಿ ಅಂಗಿ ತೊಟ್ಟು, ಮಗಳಂಥವಳನ್ನು ನಿಲ್ಲಿಸಿದ ಸಂಕಟವನ್ನು ಮುಖದಲ್ಲಿ ತೋರಿಸದೆ, ಊರಿಗೆಲ್ಲ ಕೇಳುವಂತೆ ಮಾತಾಡಿದ. ಗಾಳಿಯನ್ನು ಬಿಡಲು ನಮ್ಮ ಹಿರಿಯರು ಎಷ್ಟು ಕಷ್ಟಪಟ್ಟರು, ಎಷ್ಟು ಮಾತು ತಿಂದರು ಎಂದ. ಇವತ್ತು ನಮ್ಮ ಅಂಗಳದಲ್ಲೇ ಕೋಳಿ ಹಿಡಿದು ನಿಂತರಲ್ಲ ಎಂದ. ಇದು ನಿಲ್ಲಬೇಕು, ಆ ಓದೂ ನಿಲ್ಲಬೇಕು ಎಂದ.

"ಗಾಳಿ ಅಂತ ಓಣಿ ತುಂಬ ಒದರಿದವ ನೀನ ಕಾಕಾ, ನಾ ಅಲ್ಲ" ಎಂದೆ. ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಕಾಕಾ ನಗಲಿಲ್ಲ.

ಆಮೇಲೆ ನಾನು ಹೇಳಿದೆ. ಹಬೆಯಿಂದ ಶುರುಮಾಡಿ, ಕಲ್ಲು ಉಸಿರು ಎಲ್ಲ ಒಂದೇ ಎಂಬುದನ್ನು, ಅದರಲ್ಲಿ ದೇವರೂ ದೆವ್ವವೂ ಇಲ್ಲವೆಂಬುದನ್ನು, ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಕಾಕಾ ಕೈಕಟ್ಟಿಕೊಂಡು ಕೇಳಿದ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ಎಲ್ಲಾರದೂ ಒಂದ ಅಂತಾರ ಅನ್ನು. ಹಂಗಾದ್ರ ದೊಡ್ಡವರು ಸಣ್ಣವರು ಹೆಂಗಾದ್ರು? ಅದಕ್ಕೇನ್ ಹೇಳ್ಯಾರ ನಿನ್ನ ಚೀನಾದವರು?"

ಸುಳ್ಳು ಹೇಳಬಹುದಿತ್ತು, ಅಲ್ಲಿ ಯಾರೂ ಆ ಪುಟಗಳನ್ನು ಓದಿದವರಿರಲಿಲ್ಲ. ಇದ್ದುದನ್ನೇ ಹೇಳಿದೆ. ಕೆಲವರದು ತಿಳಿ, ಕೆಲವರದು ಕೆಸರು ಎಂದು ಬರೆದವರಿದ್ದಾರೆ ಎಂದೆ. ಗೋಡೆಗೆ ಆನಿಕೊಂಡಿದ್ದ ಒಬ್ಬ ವಯಸ್ಸಾದ ಮುತ್ಯಾ ನಕ್ಕ.

"ಇದನ್ನ ಕೇಳಾಕ ಚೀನಾತನಾ ಹೋಗಬೇಕಿತ್ತೇನ್ ಯವ್ವಾ? ನಮ್ಮೂರ ಬಾವಿ ಕಟ್ಟಿ ಮ್ಯಾಲ ಕುಂತಿದ್ರ ಪುಕ್ಕಟ ಹೇಳ್ತಿದ್ರು."

"ಅದಕ್ಕ ಹೋಗೀನಿ ಮುತ್ಯಾ" ಎಂದೆ. ಧ್ವನಿ ಏರಿತು, ಏರಲಿ ಎಂದು ಬಿಟ್ಟೆ. ನಾನು ಬರೆದ ಅಧ್ಯಾಯವನ್ನು ಹಾಳೆ ನೋಡದೆ ಹೇಳಿದೆ. ಇದನ್ನು ಬರೆದವರೇ ಇನ್ನೊಂದು ಮಾತೂ ಬರೆದಿದ್ದಾರೆ: ಚೀ ನಿಂತ ವಸ್ತುವಲ್ಲ, ಸದಾ ಹೊರಳುತ್ತದೆ. ಕಲಿಕೆಯಿಂದ ಮನುಷ್ಯನ ಚೀ ಬದಲಾಗುತ್ತದೆ, ಕೆಸರು ತಿಳಿಯಾಗುತ್ತದೆ. ಹೌದಾದರೆ ಹುಟ್ಟಿನಿಂದ ಯಾರೂ ಕೆಸರಲ್ಲ. ಕಲಿಯಲು ಬಿಡದೆ ನೀರನ್ನು ದಿನವೂ ಕಲಕುವವರು ಇದ್ದಾರೆ, ಅಷ್ಟೇ. ಚೀನಾದಲ್ಲೂ ಇದ್ದರು, ಇಲ್ಲೂ ಇದ್ದಾರೆ. ಅವರ ವಿಚಾರವನ್ನು ಅವರ ಮಾತಿನಿಂದಲೇ ಕಟ್ಟಿಹಾಕಿದ್ದೇನೆ. ಈ ಅಧ್ಯಾಯ ತೆಗೆದರೆ ಪಾಸಾಗುತ್ತಿ ಎಂದಿದ್ದಾರೆ ನನ್ನ ಮಾರ್ಗದರ್ಶಕರು.

ಕೊನೆಯ ಮಾತು ಹೇಳಬೇಕೆಂದುಕೊಂಡಿರಲಿಲ್ಲ. ಬಂದುಬಿಟ್ಟಿತು. ಓದು ನಿಲ್ಲಬೇಕು ಎಂದವನು ಕಾಕಾನೇ, ಹಾಗಾದರೆ ಎಲ್ಲ ಬಿಟ್ಟುಬಿಡು ಎನ್ನಲು ಈಗ ಅವನಿಗೆ ಒಳ್ಳೆಯ ನೆವವೇ ಸಿಕ್ಕಿತ್ತು.

"ನೀ ಪಾಸ್ ಆಗೂದಿಲ್ಲ" ಎಂದ. "ಅದನ್ನ ಆಗಲೂ ಹೇಳೀನಿ, ಈಗೂ ಹೇಳ್ತೀನಿ. ಆದ್ರ ಆ ಅಧ್ಯಾಯ ತಗೀಬ್ಯಾಡ."

ಮರುದಿನ ಅವನೇ ಓಣಿಯ ಬಾಯಿಗೆ ನಿಂತು, ಕಾಯಿ ಕೋಳಿ ಹಿಡಿದು ಬಂದವರನ್ನು ತಿರುಗಿ ಕಳಿಸಿದ. ಎಮ್ಮೆಯ ಹಿರಿಯ ಮಾತ್ರ ಕೊನೆಯವರೆಗೆ ಒಪ್ಪಲಿಲ್ಲ. ನನ್ನನ್ನು ಕಂಡರೆ ಈಗಲೂ ಕೈ ಮುಗಿಯುತ್ತಾನೆ. ನಾನು ಅವ್ವನ ಕಡೆ ಕೈ ಮಾಡುತ್ತೇನೆ.

ಅಧ್ಯಾಯ ಇಟ್ಟೇ ಪ್ರಬಂಧ ಒಪ್ಪಿಸಿದೆ. ಮಾರ್ಗದರ್ಶಕರು ಸಹಿ ಮಾಡಿದರು, ಮುಖ ನೋಡಲಿಲ್ಲ. ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಮೊದಲು ಕೇಳಿದ್ದು, ನಿಮ್ಮ ಕಡೆಯೇ ಬೇಕಾದಷ್ಟು ತತ್ವ ಇರುವಾಗ ಚೀನಾಕ್ಕೆ ಏಕೆ ಹೋದಿರಿ ಎಂದು. ಬುದ್ಧನ ಮಾತು ಇಲ್ಲಿಂದ ಅಲ್ಲಿಗೆ ಹೋದಾಗ ಯಾಕೆ ಹೋದೆ ಎಂದು ಯಾರೂ ಕೇಳಲಿಲ್ಲ ಸರ್, ನಾನು ಅದರ ಬೆನ್ನು ಹತ್ತಿ ಹೋಗಿಬಂದೆ ಎಂದೆ. ಅವರು ಪುಟ ತಿರುಗಿಸುತ್ತ ಕೊನೆಯ ಅಧ್ಯಾಯಕ್ಕೆ ಬಂದರು. ಇದು ಇರದಿದ್ದರೆ ಪ್ರಬಂಧ ಇನ್ನೂ ಅಚ್ಚುಕಟ್ಟಾಗಿರುತ್ತಿತ್ತು ಎಂದು ನಿಮಗನಿಸುವುದಿಲ್ಲವೇ ಎಂದರು. ಮಾರ್ಗದರ್ಶಕರು ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದರು.

"ಇಲ್ಲ ಸರ್. ಅದು ಇರದಿದ್ದರೆ ಇದು ಬೇರೆ ಯಾರದೋ ಪ್ರಬಂಧ ಆಗ್ತಿತ್ತು."

ಮುಂದೆ ಅವರು ಕೇಳಿದ್ದೆಲ್ಲ ಆ ಅಧ್ಯಾಯದ ಮೇಲೆಯೇ. ಬಿಗಿಯಾಗಿಯೇ ಕೇಳಿದರು. ಕಲಿಕೆಯಿಂದ ಚೀ ಬದಲಾಗುತ್ತದೆ ಎಂದವರೂ ಕಲಿಕೆಯನ್ನು ಕೆಲವರಿಗೇ ಇಟ್ಟುಕೊಂಡಿದ್ದರಲ್ಲ, ಅವರನ್ನು ನೀವು ಹೆಚ್ಚೇ ನಂಬಿದ್ದೀರಿ ಎಂದರು. ಅವರನ್ನು ನಂಬಿಲ್ಲ, ಅವರ ಮಾತನ್ನು ಅವರಿಗಿಂತ ಹೆಚ್ಚು ನಂಬಿದ್ದೇನೆ ಎಂದೆ. ಒಂದು ಪ್ರಶ್ನೆಗೂ ತಲೆ ತಗ್ಗಿಸಲಿಲ್ಲ. ಹೊರಬಂದಾಗ ಪಾಸೋ ಫೇಲೋ ಗೊತ್ತಿರಲಿಲ್ಲ.

ಪಾಸಾಯಿತು. ಅಂಕ ಅಷ್ಟೇನೂ ಬರಲಿಲ್ಲ. ಅಂಕ ಬೇಕಾಗಿರಲಿಲ್ಲ ಎಂದರೆ ಸುಳ್ಳಾದೀತು, ಬೇಕಾಗಿತ್ತು. ಆದರೆ ಆ ಅಧ್ಯಾಯ ಕೊಟ್ಟು ತರುವಷ್ಟು ಬೇಕಾಗಿರಲಿಲ್ಲ.

ಪದವಿ ಪತ್ರ ಕೈಗೆ ಬಂದ ದಿನ ನಾನು ನೆಟ್ಟಗೆ ಮನೆಗೆ ಬಂದೆ. ಅವ್ವ ವಖಾರಿಯಿಂದ ಆಗಷ್ಟೇ ಬಂದು ಮೋರಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಕಾಕಾ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಹೊಸ್ತಿಲ ಮೇಲೆ ಕೂತಿದ್ದ. ನಾನು ಪತ್ರವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಸ್ಟಾಪಿನ ಹೆಸರು ಕೂಗುವ ಧ್ವನಿಯಲ್ಲಿ, ಓಣಿಗೆ ಕೇಳುವಂತೆ, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿದ. ನನ್ನ ಹೆಸರು ಬಂದಲ್ಲಿ ಎರಡು ಸಲ ಓದಿದ. ಮುಗಿದ ಮೇಲೆ, ಕಂಡಕ್ಟರ್ ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಗಿಸುತ್ತಾನಲ್ಲ, ಆ ರೂಢಿಯಲ್ಲಿ ಅವನ ಬೆರಳುಗಳು ಪತ್ರದ ಅಂಚು ಹಿಡಿದು ಮಡಚತೊಡಗಿದವು.

ಅವ್ವ ಒದ್ದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು.

"ಮಡಚಬ್ಯಾಡ್ರಿ ಅದನ್ನ. ಯಾರಿಗೂ ಕೈ ಮುಗದು ತಂದಿದ್ದಲ್ಲ ಆಕಿ."